ಸಸ್ಕಾಚೆವಾನ್‌ನ ಹಳೇ ಮನೆಗಳನ್ನು ನೋಡಹೊರಟ ತಂಗಿಗೆ

ತಂಗಿ ಅಂತಲೇ ಕರೆಯುತ್ತೇನೆ. ನಿಮ್ಮ ಪತ್ರ ಎರಡು ಸಲ ಓದಿದೆ. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಆರುನೂರು ಜನರ ಊರಿಗೆ ನರ್ಸ್ ಆಗಿ ಬಂದು ಒಂದೂವರೆ ತಿಂಗಳಾಯ್ತು ಅಂದಿರಿ. ಚಳಿ ಹೇಗೆ, ಕಾರು ಬೇಕೇ ಬೇಕಾ, ಅಡುಗೆ ಸಾಮಾನು ಎಲ್ಲಿ ಸಿಗುತ್ತೆ ಅಂತ ಕೇಳಿದ್ದೀರಿ. ಕೊನೆಗೆ, "ರಜೆ ದಿನ ಸುತ್ತಮುತ್ತಲ ಹಳೇ ಕಟ್ಟಡಗಳ ಒಳಗೆ ಹೋಗಿ ನೋಡಬಹುದಾ? ಎಲ್ಲ ಖಾಲಿ ಬಿದ್ದಿವೆ, ಯಾರದೂ ಅಲ್ಲ ಅನ್ಸುತ್ತೆ" ಅಂತ ಬರೆದಿದ್ದೀರಿ.

ಮೊದಲಿನವು ಬೇಗ ಮುಗಿಸುತ್ತೇನೆ. ಕಾರು ಬೇಕು. ಬ್ಲಾಕ್ ಹೀಟರ್, ಅಂದರೆ ಎಂಜಿನ್ ಬೆಚ್ಚಗಿಡುವ ಕರೆಂಟಿನ ಹೀಟರ್, ಇರುವುದನ್ನೇ ತೆಗೆದುಕೊಳ್ಳಿ, ಚಳಿಯಲ್ಲಿ ರಾತ್ರಿ ಪ್ಲಗ್ ಹಾಕಿ. ಜೋಳದ ಹಿಟ್ಟಿಗೆ ಪ್ರಾಂತ್ಯದ ರಾಜಧಾನಿ ರಿಜೈನಾಕ್ಕೆ ಹೋಗಬೇಕು. ಮಸೂರ ಬೇಳೆ ಮಾತ್ರ ನೀವಿರುವ ನೆಲದಲ್ಲೇ ಬೆಳೆಯುತ್ತೆ, ಇಲ್ಲಿಂದಲೇ ರೈಲು, ಹಡಗು ಹತ್ತಿ ನಮ್ಮ ದೇಶಕ್ಕೆ ಹೋಗುತ್ತೆ. ಚಳಿ ಬಗ್ಗೆ ಮೊದಲ ಚಳಿಗಾಲ ಕಳೆದ ಮೇಲೆ ಮಾತಾಡೋಣ.

ಇನ್ನು ಹಳೇ ಕಟ್ಟಡಗಳು.

ನಾನು ಬಂದದ್ದು 2004ರ ನವೆಂಬರ್‌ನಲ್ಲಿ, ಟ್ರ್ಯಾಕ್ಟರ್ ರಿಪೇರಿ ಕೆಲಸಕ್ಕೆ. ರೋಣ ತಾಲ್ಲೂಕಿನ ಎರೆ ನೆಲದವನು ನಾನು. ಬಯಲು ನನಗೆ ಹೊಸದಲ್ಲ. ನಮ್ಮ ಕಡೆ ಊರು ಬಂತು ಅಂತ ತಿಳಿಯೋದು ಬೇವಿನ ಮರದಿಂದ, ಗುಡಿಯ ಶಿಖರದಿಂದ ಅಲ್ವಾ? ಇಲ್ಲಿ ಮೈಲಿಗಟ್ಟಲೆ ದೂರದಿಂದ ಕಂಡದ್ದು ಒಂದು ಮರದ ಗೋಪುರ. ಎಲಿವೇಟರ್. ಅಂದರೆ ಗೋಧಿಯ ಕಣಜ.

ಅದನ್ನು ಕಟ್ಟಿರುವ ಬಗೆ ಹತ್ತಿರದಿಂದ ನೋಡಿ. ಹಲಗೆಗಳನ್ನು ನಿಲ್ಲಿಸಿಲ್ಲ, ಮಲಗಿಸಿದ್ದಾರೆ. ಒಂದರ ಮೇಲೊಂದು ಇಟ್ಟು, ಮೊಳೆ ಹೊಡೆದು, 70–80 ಅಡಿ ಎಬ್ಬಿಸಿದ್ದಾರೆ. ಕಾಳಿನ ಭಾರ ಗೋಡೆಯನ್ನು ಹೊರಕ್ಕೆ ತಳ್ಳುತ್ತೆ, ಅದಕ್ಕೇ ಅಷ್ಟು ಗಟ್ಟಿ. ನಮ್ಮಜ್ಜ ಜೋಳವನ್ನು ನೆಲದೊಳಗೆ ಹಗೇವಿನಲ್ಲಿ ಹಾಕುತ್ತಿದ್ದರು, ಇವರು ಆಕಾಶಕ್ಕೆ ಏರಿಸಿದರು. ಎತ್ತು, ಕುದುರೆ ಗಾಡಿಗಳ ಲೆಕ್ಕ ಗೊತ್ತಿದ್ದವರಿಗೆ ಇನ್ನೊಂದು ಸಂಗತಿ ಬೇಗ ಹೊಳೆಯುತ್ತೆ. ರೈಲು ಹಾದಿಯಲ್ಲಿ ಆರರಿಂದ ಹತ್ತು ಮೈಲಿಗೆ ಒಂದು ಊರು ಯಾಕೆ? ಕಾಳು ತುಂಬಿದ ಗಾಡಿ ಬೆಳಿಗ್ಗೆ ಹೊರಟು ಸಂಜೆಯೊಳಗೆ ಮನೆ ಸೇರಬೇಕಿತ್ತು, ಅದಕ್ಕೆ.

1930ರ ದಶಕದಲ್ಲಿ ಮೂರು ಪ್ರೇರಿ (ಹುಲ್ಲು ಬಯಲಿನ) ಪ್ರಾಂತ್ಯಗಳಲ್ಲಿ ಇಂಥವು 5,000ಕ್ಕೂ ಜಾಸ್ತಿ ಇದ್ದವು. ಕಾಳು ಸಾಗಿಸಲು ರೈಲಿಗೆ ಇದ್ದ ಸರ್ಕಾರದ ನೆರವು 1995ರಲ್ಲಿ ನಿಂತಿತು. ಸಣ್ಣ ಹಳಿಗಳನ್ನು ಕಿತ್ತರು. ದೂರ ದೂರಕ್ಕೆ ಒಂದೊಂದು ದೊಡ್ಡ ಕಾಂಕ್ರೀಟ್ ಕಣಜ ಬಂತು. ಮರದವು ಉರುಳಿದವು. ಅವುಗಳ ಹಿಂದೆಯೇ ಅಂಗಡಿ, ಶಾಲೆ, ಚರ್ಚು ಎಲ್ಲ ಮುಚ್ಚಿದವು. ನೀವು ನೋಡುತ್ತಿರುವ ಖಾಲಿ ಊರುಗಳ ಕಥೆ ಬಹುಪಾಲು ಇದೇ.

ನಾನೂ ನಿಮ್ಮ ಹಾಗೇ ಇದ್ದೆ. ಮೊದಲ ವರ್ಷ ಭಾನುವಾರ ಮಾಡಲು ಏನೂ ಇರಲಿಲ್ಲ. ಊರಿಂದ ದಕ್ಷಿಣಕ್ಕೆ ಎರಡಂತಸ್ತಿನ ಒಂದು ಚೌಕ ಮನೆ ಇತ್ತು. ಕಿಟಕಿಗಳಿಗೆ ಗಾಜಿರಲಿಲ್ಲ. ಈಟನ್ಸ್ ಕಂಪನಿಯ ಕ್ಯಾಟಲಾಗ್ ನೋಡಿ, ಮರಮುಟ್ಟು ರೈಲಿನಲ್ಲಿ ತರಿಸಿ ಕಟ್ಟಿಕೊಂಡ ಮನೆಗಳು ಈ ಬಯಲಲ್ಲಿ ಎಷ್ಟೋ ಇದ್ದವು. ಇದೂ ಅದೇ ಆಕಾರದ್ದು. ಯಾರನ್ನೂ ಕೇಳದೆ ಒಳಗೆ ಹೋದೆ. ಗೋಡೆಯ ಹೂವಿನ ಕಾಗದ ಸುಲಿದು, ಅದರಡಿ ಇನ್ನೊಂದು ಹೂವಿನ ಕಾಗದ ಕಾಣುತ್ತಿತ್ತು. ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ ಗೆರೆಗಳಿದ್ದವು. ಮಕ್ಕಳನ್ನು ನಿಲ್ಲಿಸಿ ಎತ್ತರ ಅಳೆದದ್ದು. ಮಹಡಿಯ ಕೋಣೆಯ ಬಾಗಿಲಿಗೆ ಬಿಳಿ ಪಿಂಗಾಣಿಯ ಹಿಡಿ ಇತ್ತು. ಮುಟ್ಟಿದೆ, ಕೈಗೇ ಬಂತು. ಜೇಬಿಗೆ ಹಾಕಿಕೊಂಡೆ. ಹಾಳು ಬಿದ್ದ ಮನೆ, ಯಾರಿಗೆ ಬೇಕು ಅಂದುಕೊಂಡೆ.

ಮುಂದಿನ ಸಂಕ್ರಾಂತಿಗೆ ನಮ್ಮ ಕಚೇರಿಯ ಲೆಕ್ಕ ಬರೆಯುವ ಹಿರಿಯ ಹೆಂಗಸನ್ನು ಊಟಕ್ಕೆ ಕರೆದಿದ್ದೆ. ಬಂದ ಹೊಸದರಲ್ಲಿ ನನಗೆ ಗಂಡನ ಹಳೇ ಕೋಟು ಕೊಟ್ಟವರು ಅವರೇ. ಆ ಹಿಡಿ ಕಿಟಕಿಯ ಕಟ್ಟೆಯ ಮೇಲಿತ್ತು. ಮಾತಾಡುತ್ತಾ ಕೈಗೆತ್ತಿಕೊಂಡರು. ಮಾತು ನಿಂತಿತು. ಹಿಡಿಯನ್ನು ಅಂಗೈಯಲ್ಲಿಟ್ಟು ಮಣಿಕಟ್ಟನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿದರು, ಎದುರಿಗೆ ಬಾಗಿಲು ಇದ್ದ ಹಾಗೆ. "ಇದು ಎಡಕ್ಕೆ ಮಾತ್ರ ತಿರುಗುತ್ತಿತ್ತು. ಅಮ್ಮನ ಕೋಣೆಯದು" ಅಂದರು.

ಬೈಯಲಿಲ್ಲ. ಎಳ್ಳು ಹಚ್ಚಿದ ರೊಟ್ಟಿ ತಿಂದರು. ಹೊರಡುವಾಗ ಹಿಡಿಯನ್ನು ಕಾಗದದಲ್ಲಿ ಸುತ್ತಿ ಕೊಡಲು ಹೋದೆ. "ನನಗೆ ಬೇಡ. ಎಲ್ಲಿತ್ತೋ ಅಲ್ಲೇ ಹಾಕಿ ಬಾ" ಅಂದರು.

ಹಿಮ ಕರಗಲಿ ಅಂತ ಕಾದೆ. ಹಿಮ ಕರಗಿತು, ರಸ್ತೆ ಕೆಸರಾಯ್ತು. ಕೆಸರು ಆರಿತು, ಬಿತ್ತನೆಗೆ ಮೊದಲು ಯಂತ್ರಗಳ ರಿಪೇರಿ ಬಂತು, ರಾತ್ರಿ ಹತ್ತರವರೆಗೆ ಕೆಲಸ. ಮೇ ತಿಂಗಳ ಒಂದು ಭಾನುವಾರ ಸ್ಕ್ರೂಡ್ರೈವರ್ ಹಿಡಿದು ಹೋದರೆ ಮನೆ ಇರಲಿಲ್ಲ. ಹೊಲ ಮಾಡುತ್ತಿದ್ದವರು ಗುಂಡಿ ತೋಡಿ, ಮನೆಯನ್ನು ಅದರೊಳಗೆ ತಳ್ಳಿ, ಸುಟ್ಟು, ಮುಚ್ಚಿದ್ದರು. ಮೇಲೆ ಬಿತ್ತನೆಯ ಸಾಲು ಹಾದಿತ್ತು. ಪೆನ್ಸಿಲ್ ಗೆರೆಗಳ ಫೋಟೊ ಕೂಡ ನಾನು ತೆಗೆದಿರಲಿಲ್ಲ. ತೆಗೆದಿದ್ದರೆ ಅವರಿಗೆ ಅದನ್ನಾದರೂ ಕೊಡಬಹುದಿತ್ತು.

ಎರಡು ವರ್ಷದ ಮೇಲೆ ಊರಿಗೆ ಹೋದೆ. ಅವ್ವ ತೀರಿಕೊಂಡ ಮೇಲೆ ನಮ್ಮ ಮನೆಗೆ ಬೀಗ ಹಾಕಿತ್ತು. ನೋಡಿದರೆ ದೇವರಮನೆಯ ಬಾಗಿಲು ಚೌಕಟ್ಟಿನ ಸಮೇತ ಕಿತ್ತುಹೋಗಿತ್ತು. ಸಿಟ್ಟಿನಿಂದ ಕೈ ನಡುಗಿತು. ಯಾರ ಮೇಲೆ ಸಿಟ್ಟಾಗಲಿ? ನನ್ನ ಜೇಬಿಗೆ ಹೋದ ಬಿಳಿ ಹಿಡಿ ಕಣ್ಣ ಮುಂದೆ ಬಂತು.

ಅದಕ್ಕೇ ಹೇಳುತ್ತೇನೆ, ಕೇಳಿಯೇ ಹೋಗಿ. 2022ರ ಜನವರಿಯಿಂದ ಇಲ್ಲಿ ಕಾನೂನೂ ಅದನ್ನೇ ಹೇಳುತ್ತೆ. ಬೇಲಿ ಇಲ್ಲ, ಬೋರ್ಡ್ ಇಲ್ಲ ಅನ್ನೋದು ನೆಪ ಆಗಲ್ಲ. ಯಾವ ಹೊಲ ಯಾರದು ಅನ್ನುವ ನಕ್ಷೆ ಆರ್‌ಎಂ (ರೂರಲ್ ಮುನಿಸಿಪಾಲಿಟಿ, ಹಳ್ಳಿಗಾಡಿನ ಸ್ಥಳೀಯ ಆಡಳಿತ) ಕಚೇರಿಯಲ್ಲಿ ಸಿಗುತ್ತೆ. ಅದಕ್ಕಿಂತ ಒಳ್ಳೆಯದು ಕಾಫಿ ರೋ. ಬೆಳಿಗ್ಗೆ ಮುದುಕರು ಒಂದೇ ಮೇಜಿಗೆ ಸೇರುತ್ತಾರಲ್ಲ, ಅದು ನಮ್ಮ ಅರಳಿಕಟ್ಟೆ ಅಂತ ತಿಳಿಯಿರಿ. ಅಲ್ಲಿ ಹೋಗಿ ಸುಮ್ನೆ ಕೂತು, "ಆ ಮನೆ ಯಾರದು?" ಅಂತ ಕೇಳಿ. ಬೀಗದ ಕೈ ಜೊತೆ ಅರ್ಧ ದಿನದ ಮಾತೂ ಸಿಗುತ್ತೆ.

ಒಬ್ಬರೇ ಹೋಗಬೇಡಿ. ನೆಲದ ಹಲಗೆ ಕೊಳೆತಿರುತ್ತೆ, ಹುಲ್ಲಿನಡಿ ಹಳೇ ಬಾವಿ ಇರುತ್ತೆ. ಇಲಿ ಹಿಕ್ಕೆಯ ದೂಳಿನಿಂದ ಹಂಟಾವೈರಸ್ ಬರುತ್ತೆ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮಳೆ ಬಂದ ದಿನ ಮಣ್ಣಿನ ರಸ್ತೆಗೆ ಇಳಿಯಲೇಬೇಡಿ. ಇಲ್ಲಿನ ಗಂಬೋ ನಮ್ಮ ಎರೆ ಮಣ್ಣಿನ ಅಣ್ಣ, ಚಕ್ರ ಬಿಡಲ್ಲ.

ಜನ ನೋಡಲೆಂದೇ ಬಾಗಿಲು ತೆರೆದಿಟ್ಟವನ್ನೇ ಮೊದಲು ನೋಡಿ. ನಮ್ಮ ಪ್ರಾಂತ್ಯದ ಗ್ರಾವೆಲ್‌ಬರ್ಗ್‌ನ ಚರ್ಚಿನ ಒಳಗೋಡೆಯ ಚಿತ್ರಗಳನ್ನೆಲ್ಲ ಅಲ್ಲಿನ ಪಾದ್ರಿ ಶಾರ್ಲ್ ಮಯಾರ್ 1921ರಿಂದ 1931ರವರೆಗೆ ಬರೆದರು. ಹತ್ತು ವರ್ಷ! ಪಕ್ಕದ ಮ್ಯಾನಿಟೋಬಾ ಪ್ರಾಂತ್ಯದ ಇಂಗ್ಲಿಸ್‌ನಲ್ಲಿ ಐದು ಎಲಿವೇಟರ್ ಸಾಲಾಗಿ ಉಳಿದಿವೆ.

ನಿಮ್ಮ ಊರ ಮುಖ್ಯ ಬೀದಿಯ ಹಳೇ ಕೆಫೆಯನ್ನೂ ಬಿಡಬೇಡಿ. ಇಂಥ ಊರುಗಳಲ್ಲಿ ಕೆಫೆ ನಡೆಸುತ್ತಿದ್ದವರು ಹೆಚ್ಚಾಗಿ ಚೀನಾದಿಂದ ಒಂಟಿಯಾಗಿ ಬಂದವರು. 1903ರಿಂದ ದೇಶದೊಳಗೆ ಕಾಲಿಡಲು ತಲೆಗೆ 500 ಡಾಲರ್ ಕಟ್ಟಬೇಕಿತ್ತು. 1923ರಿಂದ 1947ರವರೆಗೆ ಹೆಂಡತಿ ಮಕ್ಕಳನ್ನು ಕರೆಸಲು ಬಾಗಿಲೇ ಮುಚ್ಚಿತ್ತು. ನಾನು ಪ್ರತಿ ವಾರ ವಿಡಿಯೊದಲ್ಲಿ ಅಕ್ಕನ ಮುಖ ನೋಡುತ್ತೇನೆ, ಆದರೂ ಯುಗಾದಿ ಬಂದರೆ ಗಂಟಲು ಕಟ್ಟುತ್ತೆ. ಅವರು ಆ ಕೌಂಟರ್ ಹಿಂದೆ ಹೇಗೆ ದಿನ ತಳ್ಳಿದರೋ.

ಹಿಡಿ ಇನ್ನೂ ನನ್ನ ಕಿಟಕಿಯಲ್ಲಿದೆ. ಲೆಕ್ಕ ಬರೆಯುತ್ತಿದ್ದ ಆ ಹಿರಿಯ ಹೆಂಗಸು ಓದಿದ ಒಂದೇ ಕೋಣೆಯ ಶಾಲೆ ಉಳಿದಿದೆ, ಕೀಲಿ ಅವರ ಹತ್ತಿರವೇ ಇದೆ. ನಿಮ್ಮ ಬಗ್ಗೆ ಹೇಳಿದ್ದೇನೆ. ರಸ್ತೆ ಆರಿದ ಮೇಲೆ, ಮೇ ತಿಂಗಳ ಯಾವುದಾದರೂ ಭಾನುವಾರ ಬನ್ನಿ, ಅವರೇ ತೆರೆದು ತೋರಿಸುತ್ತಾರೆ. ಕರಿಬೇವು ತರಬೇಡಿ, ನನ್ನ ಕುಂಡದಲ್ಲಿ ಬೇಕಾದಷ್ಟಿದೆ.