ಟರ್ಮಿನಲ್‌ನಲ್ಲಿ ಸರಿ, ಸರ್ವೀಸ್‌ನಲ್ಲಿ ಎರರ್

ಪ್ರಶ್ನೆ: ಲಿನಕ್ಸ್‌ನಲ್ಲಿ ನಮ್ಮ ಜಾವಾ ಸರ್ವರ್ ಟರ್ಮಿನಲ್‌ನಿಂದ ಶುರು ಮಾಡಿದರೆ ಚೆನ್ನಾಗಿ ಓಡುತ್ತದೆ. ಸಿಸ್ಟಂಡಿ (ಹಿನ್ನೆಲೆಯಲ್ಲಿ ಪ್ರೋಗ್ರಾಂಗಳನ್ನು ನಡೆಸುವ ವ್ಯವಸ್ಥೆ) ಸರ್ವೀಸ್ ಆಗಿ ಓಡಿಸಿದರೆ 'ಅನ್‌ಸ್ಯಾಟಿಸ್ಫೈಡ್ ಲಿಂಕ್ ಎರರ್' ಬರುತ್ತದೆ. ಅದು ಲೋಡ್ ಮಾಡಬೇಕಾದ ಲೈಬ್ರರಿ ಫೈಲ್ ಇದ್ದಲ್ಲೇ ಇದೆ. ಏನು ಮಾಡಬೇಕು?

ಉತ್ತರ: ಹೆಚ್ಚಿನ ಸಲ ಕಾರಣ 'ಎಲ್‌ಡಿ_ಲೈಬ್ರರಿ_ಪಾತ್', ಅಂದರೆ ಲೈಬ್ರರಿಗಳನ್ನು ಯಾವ ಫೋಲ್ಡರ್‌ಗಳಲ್ಲಿ ಹುಡುಕಬೇಕೆಂದು ಹೇಳುವ ಎನ್ವಿರಾನ್‌ಮೆಂಟ್ ವೇರಿಯಬಲ್. ಅದನ್ನು ಬ್ಯಾಶ್‌ಆರ್‌ಸಿಯಲ್ಲಿ (ಶೆಲ್ ಶುರುವಾಗುವಾಗ ಓದುವ ಫೈಲ್) ಬರೆದಿದ್ದರೆ ಟರ್ಮಿನಲ್‌ಗೆ ಸಿಗುತ್ತದೆ, ಸಿಸ್ಟಂಡಿ ಆ ಫೈಲನ್ನು ಓದುವುದೇ ಇಲ್ಲ. 'ಸಿಸ್ಟಂಸಿಟಿಎಲ್ ಎಡಿಟ್' ಜೊತೆಗೆ ಸರ್ವೀಸ್ ಹೆಸರು ಕೊಟ್ಟು, ಸರ್ವೀಸ್ ವಿಭಾಗದಲ್ಲಿ 'ಎನ್ವಿರಾನ್‌ಮೆಂಟ್=' ಸಾಲಿನಲ್ಲಿ ಪೂರ್ತಿ ಪಾತ್ ಬರೆಯಿರಿ. ಅಲ್ಲಿ ಡಾಲರ್ ಚಿಹ್ನೆ ಹಾಕಿ ಹಳೆಯ ಮೌಲ್ಯಕ್ಕೆ ಸೇರಿಸಲು ಹೋಗಬೇಡಿ. ಸಿಸ್ಟಂಡಿ ಅದನ್ನು ಬಿಡಿಸದೆ ಅಕ್ಷರಶಃ ಹಾಗೇ ಇಟ್ಟುಕೊಳ್ಳುತ್ತದೆ. ಆಮೇಲೆ ಸರ್ವೀಸ್ ರೀಸ್ಟಾರ್ಟ್ ಮಾಡಿ.

ಎರರ್‌ನ ಪೂರ್ತಿ ಸಾಲನ್ನು ದಯವಿಟ್ಟು ಓದಿ, ಅರ್ಧ ಉತ್ತರ ಅಲ್ಲೇ ಇರುತ್ತದೆ. 'ಜಾವಾ.ಲೈಬ್ರರಿ.ಪಾತ್'ನಲ್ಲಿ (ಜಾವಾ ಲೈಬ್ರರಿ ಹುಡುಕುವ ಫೋಲ್ಡರ್‌ಗಳ ಪಟ್ಟಿ) ಇಲ್ಲ ಎಂದರೆ ನಿಮ್ಮ ಲೈಬ್ರರಿಯೇ ಸಿಕ್ಕಿಲ್ಲ. 'ಕೆನಾಟ್ ಓಪನ್ ಶೇರ್ಡ್ ಆಬ್ಜೆಕ್ಟ್ ಫೈಲ್' ಎಂದು ಬೇರೊಂದು ಹೆಸರು ಕಂಡರೆ, ನಿಮ್ಮ ಲೈಬ್ರರಿ ಸಿಕ್ಕಿದೆ, ಅದು ನೆಚ್ಚಿಕೊಂಡಿರುವ ಆ ಇನ್ನೊಂದು ಲೈಬ್ರರಿ ಸಿಕ್ಕಿಲ್ಲ. ಇದಕ್ಕೆ ಜಾವಾ ಆಯ್ಕೆ ಬದಲಿಸಿ ಪ್ರಯೋಜನವಿಲ್ಲ, ಹುಡುಕುವುದು ಲಿನಕ್ಸ್‌ನ ಲೋಡರ್. ಲೈಬ್ರರಿ ಯಾವುದನ್ನೆಲ್ಲ ನೆಚ್ಚಿಕೊಂಡಿದೆ ಎಂದು ತೋರಿಸುವ 'ಎಲ್‌ಡಿಡಿ'ಯನ್ನು ನಿಮ್ಮ ಲೈಬ್ರರಿ ಫೈಲ್ ಮೇಲೆ ಓಡಿಸಿ 'ನಾಟ್ ಫೌಂಡ್' ಸಾಲು ನೋಡಿ. ಆದರೆ ನಿಮ್ಮ ಶೆಲ್‌ನಲ್ಲಿ ಓಡಿಸಿದರೆ ಎಲ್ಲವೂ ಸರಿಯೆಂದೇ ತೋರೀತು, 'ಎಲ್‌ಡಿ_ಲೈಬ್ರರಿ_ಪಾತ್' ತೆಗೆದು ಓಡಿಸಿ. ಸಿಗದ ಲೈಬ್ರರಿಯ ಫೋಲ್ಡರನ್ನು 'ಎಲ್‌ಡಿ.ಎಸ್‌ಒ.ಕಾನ್ಫ್.ಡಿ'ಯಲ್ಲಿ (ಲೋಡರ್ ಹುಡುಕುವ ಫೋಲ್ಡರ್‌ಗಳನ್ನು ಬರೆದಿಡುವ ಜಾಗ) ಸೇರಿಸಿ, ಆ ಪಟ್ಟಿಯನ್ನು ಲೋಡರ್‌ಗೆ ತಿಳಿಸುವ 'ಎಲ್‌ಡಿಕಾನ್ಫಿಗ್' ಅನ್ನು ರೂಟ್ ಆಗಿ ಕೊಡುವುದು ಗಟ್ಟಿ ಪರಿಹಾರ.

ಲೈಬ್ರರಿ ಹೋಮ್ ಫೋಲ್ಡರ್‌ನಲ್ಲಿದ್ದರೆ ಯೂನಿಟ್ ಫೈಲ್‌ನಲ್ಲಿ (ಸರ್ವೀಸ್‌ನ ಸೆಟ್ಟಿಂಗ್ ಫೈಲ್) 'ಪ್ರೊಟೆಕ್ಟ್‌ಹೋಮ್' ಇದೆಯೇ ನೋಡಿ, ಅದು ಸರ್ವೀಸ್‌ನಿಂದ ಹೋಮ್ ಫೋಲ್ಡರನ್ನು ಮರೆಮಾಡಬಹುದು. 'ಫೇಲ್ಡ್ ಟು ಮ್ಯಾಪ್ ಸೆಗ್ಮೆಂಟ್' ಎಂದು ಬಂದರೆ ಟೆಂಪ್ ಫೋಲ್ಡರ್ 'ನೋಎಕ್ಸೆಕ್' (ಅಲ್ಲಿನ ಫೈಲ್‌ಗಳನ್ನು ಓಡಿಸಲು ಬಿಡದ ರೀತಿ) ಆಗಿ ಮೌಂಟ್ ಆಗಿರಬಹುದು. ಜಾರ್‌ನಿಂದ (ಜಾವಾ ಪ್ರೋಗ್ರಾಂನ ಪ್ಯಾಕ್ ಮಾಡಿದ ಫೈಲ್) ಟೆಂಪ್ ಫೋಲ್ಡರ್‌ಗೆ ಲೈಬ್ರರಿ ಬಿಚ್ಚುವ ಪ್ಯಾಕೇಜುಗಳು ಅಲ್ಲೇ ಸೋಲುತ್ತವೆ. ಜಾವಾದ ಟೆಂಪ್ ಫೋಲ್ಡರ್ ಹೇಳುವ 'ಜಾವಾ.ಐಒ.ಟಿಎಂಪಿಡಿಐಆರ್' ಅನ್ನು 'ನೋಎಕ್ಸೆಕ್' ಇಲ್ಲದ ಬೇರೆ ಫೋಲ್ಡರ್‌ಗೆ ತಿರುಗಿಸಿ, ಸರ್ವೀಸ್ ಯೂಸರ್‌ಗೆ ಅಲ್ಲಿ ಬರೆಯುವ ಅನುಮತಿ ಕೊಡಿ.