ಟ್ರಂಕ್ ಅಡ್ಡ ಇಟ್ಕೊಂಡು ಮಲಗ್ತಿದ್ದ ಹುಡುಗ

ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ, ಅವನ ಒಪ್ಪಿಗೆ ತಗೊಂಡೇ ಬರೀತಿರೋದು. 22 ವರ್ಷದ ಅಗ್ನಿವೀರ (ಸೇನೆಗೆ 4 ವರ್ಷದ ಮಟ್ಟಿಗೆ ಸೇರೋ ಜವಾನ), ಊರು ವಿಜಯಪುರದ ಕಡೆ, ಪೋಸ್ಟಿಂಗ್ ಪುಣೆ ಸುತ್ತಮುತ್ತ. ಪುಣೆಯ ಹಡಪಸರದಲ್ಲಿರೋ ಅವನ ಕಾಕಾ ಒಂದು ಭಾನುವಾರ, ಔಟ್‌ಪಾಸ್ (ಹೊರಗೆ ಹೋಗೋಕೆ ಅನುಮತಿ) ಸಿಕ್ಕ ದಿನ ಕೌನ್ಸೆಲಿಂಗ್‌ಗೆ ಅಂತ ನನ್ನ ಹತ್ರ ಕರ್ಕೊಂಡು ಬಂದ್ರು. "ಯಾರ ಕೂಡಾನೂ ಮಾತಾಡವಲ್ಲ ಮೇಡಮ್, ನೌಕರಿ ಬಿಟ್ಟು ಬರ್ತೀನಂತಾನ" ಅಂದ್ರು. ಚಹಾ ಕುಡಿದು ಬರ್ರಿ ಅಂತ ಅವರನ್ನ ಹೊರಗೆ ಕಳಿಸಿದೆ.

ಎರಡು ಸಲ ಬಂದಾಗ್ಲೂ ಅವನು ಹೇಳಿದ್ದು ಸಣ್ಣಪುಟ್ಟ ಮಾತೇ. ಲಂಗರ್‌ನಲ್ಲಿ (ಜವಾನರ ಊಟದ ಮನೆ) ಎಲ್ಲರೂ ಉಂಡು ಎದ್ದಮೇಲೆ ಹೋಗ್ತಾನಂತೆ. ವಾಲಿಬಾಲ್ ಟೀಮ್ ಬಿಟ್ಟಿದಾನೆ. ರಾತ್ರಿ ಸೊಳ್ಳೆ ಪರದೆನ ನಾಲ್ಕೂ ಕಡೆ ಹಾಸಿಗೆ ಕೆಳಗೆ ಸಿಗಿಸಿ, ತನ್ನ ಕರೀ ಟ್ರಂಕನ್ನ ಎಳ್ಕೊಂಡು ಮಂಚಕ್ಕೆ ಅಡ್ಡ ಇಡ್ತಾನೆ, ಯಾರಾದ್ರೂ ಸರಿಸಿದ್ರೆ ನೆಲಕ್ಕೆ ಕರ್ ಅಂತ ಸಪ್ಪಳ ಆಗಿ ಎಚ್ಚರ ಆಗ್ಲಿ ಅಂತ. ಟ್ರಂಕಿನ ಮಾತು ಬಂದಾಗ ನಾನು ಬರೆಯೋದು ನಿಲ್ಲಿಸಿ ಪೆನ್ ಕೆಳಗಿಟ್ಟೆ.

ಮೂರನೇ ಸಲ ಹೇಳಿದ. ಒಬ್ಬ ಸೀನಿಯರ್ ಉಸ್ತಾದ, ಅಂದ್ರೆ ತರಬೇತಿ ಕೊಡೋನು. ಮೊದಲು ಕೈಕಾಲು ಒತ್ತು ಅಂದ, ಆಮೇಲೆ ಬೇರೆ ಬೇಡಿಕೆ. ಒಲ್ಲೆ ಅಂದಾಗ ಛುಟ್ಟಿ ತಪ್ಪಿತು, ಜೊತೆಗೆ "ನಾಕು ವರ್ಷ ಆದಮ್ಯಾಲ ನಿನ್ನ ಇಟ್ಕೊಳ್ಳೋದು ಬಿಡೋದು ನಮ್ಮ ಕೈಯಾಗೈತಿ" ಅನ್ನೋ ಮಾತು. 2022ರಲ್ಲಿ ಬಂದ ಅಗ್ನಿಪಥದಲ್ಲಿ 4 ವರ್ಷ ಮುಗಿದಮೇಲೆ ಹೆಚ್ಚಂದ್ರೆ 25% ಹುಡುಗರನ್ನ ಮುಂದುವರಿಸ್ತಾರೆ. ಅದು ಒಬ್ಬ ಉಸ್ತಾದನ ಕೈಯಲ್ಲಿರೋ ನಿರ್ಧಾರ ಅಲ್ಲ, ಆದ್ರೆ ಮನೇಲಿ ಸಾಲ ಇರೋ ಹುಡುಗನಿಗೆ ಆ ಹೆದರಿಕೆ ಸಾಕು.

ನನಗೆ ಹೆಚ್ಚು ಸಂಕಟ ಆಗಿದ್ದು ಅದರ ನಂತರದ್ದು ಕೇಳಿ. ನಾವು ಆಫೀಸಿಂದ ಸಂಜೆ ಮನೆಗೆ ಹೋಗ್ತೀವಿ, ಅವನು ಎಲ್ಲಿಗೆ ಹೋಗ್ತಾನೆ, ಉಣ್ಣೋದು ಮಲಗೋದು ಸ್ನಾನ ಓಟ ಎಲ್ಲಾ ಅದೇ ಮಂದಿ ಜೊತೆ, ನೋವು ಕೊಟ್ಟವನೂ ಅಲ್ಲೇ, ದೂರು ಕೇಳಬೇಕಾದವರೂ ಅಲ್ಲೇ. ಹಂಗಾಗಿ ಅವನು ಎಲ್ಲರಿಂದ ಸರಿದ. ಸರಿದಿದ್ದಕ್ಕೆ ಬ್ಯಾಚ್‌ಮೇಟ್‌ಗಳು ಇವನಿಗೆ ಸೊಕ್ಕು ಅಂದ್ರು, ಆಮೇಲೆ ವೀಕ್ ಅಂದ್ರು, ಓಟದಲ್ಲಿ ಜೋಡಿ ಆಗೋಕೂ ಯಾರೂ ಬರಲಿಲ್ಲ. ಒಬ್ಬ ಮಾಡಿದ ತಪ್ಪಿಗೆ ಇಡೀ ಬ್ಯಾರಕ್ಕೇ ಇವನಿಗೆ ಪರಕೀಯ ಆಯ್ತು.

"ನಾ ಗಂಡಸ ಅದೀನ್ರಿ ಅಕ್ಕಾರ, ಯಾಕ ನಾಕು ಬಾರಿಸಲಿಲ್ಲ ನಾ?" ಅಂತ ಅತ್ತ. ಹೆದರಿಕೆಯಲ್ಲಿ ಮೈ ಮರಗಟ್ಟೋದು ಗಂಡಸರಿಗೂ ಆಗ್ತದಪ್ಪಾ, ಮೇಲಿನವರು ಹೇಳಿದ್ದಕ್ಕೆ ಎದುರು ಆಡಬಾರದು ಅಂತ ದಿನಾ ಕಲಿಸಿದ ಮೈ ಅದು, ತಪ್ಪು ಅವನದು, ನಿಂದಲ್ಲ ಅಂದೆ. ಇದನ್ನ ಪ್ರತಿ ಸಲ ಬಂದಾಗ್ಲೂ ಹೇಳಬೇಕಾಯ್ತು.

ಗಾರ್ಡ್ ಡ್ಯೂಟಿಯಲ್ಲಿ ಕೈಯಲ್ಲಿ ರೈಫಲ್ ಇರ್ತದೆ, ಅದಕ್ಕೇ ಸಾಯೋ ಯೋಚನೆ ಬಂದಿದೆಯಾ ಅಂತ ನೇರ ಕೇಳಿದೆ. ಎರಡು ಸಲ ಬಂದಿತ್ತು ಅಂದ. ಉಳಿದದ್ದೆಲ್ಲಾ ಆಮೇಲೆ ಅಂತ ಬಿಟ್ಟು, ಅವನನ್ನ ಒಪ್ಪಿಸಿ ಅವತ್ತೇ ಮಿಲಿಟರಿ ಡಾಕ್ಟರಿಗೆ ಹೇಳಿಸಿ ಆಯುಧದ ಡ್ಯೂಟಿ ತಪ್ಪಿಸಿದ್ವಿ. ರಾತ್ರಿ ಯಾರೂ ಸಿಗದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು ಅಂದೆ, ಕನ್ನಡದಲ್ಲೂ ಮಾತಾಡ್ತಾರೆ, ಸೇನೆಯವರಿಗಾಗಿ 2023ರಲ್ಲಿ ಪುಣೆಯ ಎಎಫ್‌ಎಂಸಿಯಲ್ಲೇ (ಸೇನೆಯ ಮೆಡಿಕಲ್ ಕಾಲೇಜು) ಅದರ ಸೆಲ್ ಶುರು ಮಾಡಿದಾರೆ.

ಎಲ್ಲರ ಜೊತೆ ಮೊದಲಿನಂಗೆ ಇರು ಅಂತ ನಾನು ಹೇಳಲಿಲ್ಲ. ಒಬ್ಬನನ್ನ ಹುಡುಕು, ಒಂದು ಹೊತ್ತು ಅವನ ಪಕ್ಕ ಕೂತು ಉಣ್ಣು, ಏನಾಯ್ತು ಅಂತ ಹೇಳಬೇಕಿಲ್ಲ ಅಂದೆ. ಹಾಸನದ ಹುಡುಗ ಒಬ್ಬ ಇದ್ದ, ಊಟದ ಸರದಿಯಲ್ಲಿ ಇವನಿಗೆ ಜಾಗ ಹಿಡಿಯೋಕೆ ಶುರು ಮಾಡಿದ.

ದೂರಿನ ವಿಷಯ ಕಷ್ಟದ್ದೇ. ಕೆಲಸದ ಜಾಗದ ಲೈಂಗಿಕ ಕಿರುಕುಳದ 2013ರ ಕಾಯ್ದೆ ಹೆಣ್ಣುಮಕ್ಕಳಿಗೆ ಮಾತ್ರ. 2024ರ ಜುಲೈ 1ಕ್ಕೆ ಐಪಿಸಿ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಗಂಡಸರ ಮೇಲಿನ ಬಲಾತ್ಕಾರಕ್ಕೂ ಅನ್ವಯಿಸ್ತಿದ್ದ ಹಳೇ 377ರಂಥ ಕಲಮೂ ಇಲ್ಲ, ಗಂಡುಮಕ್ಕಳಿಗೆ ಅದು ದೊಡ್ಡ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಆದ್ರೆ 1950ರ ಸೇನಾ ಕಾಯ್ದೆಯ 46ನೇ ಕಲಮಿನಲ್ಲಿ ಅಸಭ್ಯ, ನಾಚಿಕೆಗೇಡಿನ ನಡತೆಗೆ 7 ವರ್ಷದವರೆಗೂ ಶಿಕ್ಷೆ ಇದೆ, 26ನೇ ಕಲಮಿನಲ್ಲಿ ಜವಾನ ತನ್ನ ಕಂಪನಿ ಕಮಾಂಡರಿಗೆ ದೂರು ಕೊಡಬಹುದು, ದೂರು ಆ ಆಫೀಸರ್ ಮೇಲೇ ಇದ್ರೆ ಅವರ ಮೇಲಿನವರಿಗೆ. ತಾರೀಖು, ಹೊತ್ತು, ಕಳಿಸಿದ ಮೆಸೇಜು ಎಲ್ಲಾ ಬರೆದಿಡು, ಅಳಿಸಬೇಡ, ಕೊಡೋದು ಬಿಡೋದು ನಿನ್ನ ಇಷ್ಟ ಅಂದೆ. ಐದು ವಾರ ಯೋಚನೆ ಮಾಡಿ ಕೊಟ್ಟ.

ಕಾಕಾನಿಗೆ ಅವನೇ ಅರ್ಧ ಹೇಳಿದಾನೆ. "ಗಂಡಸಾಗು" ಅನ್ನೋ ಮಾತು ಬಾಯಲ್ಲಿ ಬರಬಾರದು, ಉಂಡೆಯಾ ಅಂತಷ್ಟೇ ಕೇಳ್ರಿ ಅಂದಿದೀನಿ, ಪಾಪ ದಿನಾ ರಾತ್ರಿ ಫೋನ್ ಮಾಡಿ ಅಷ್ಟೇ ಕೇಳ್ತಾರೆ. ವಿಚಾರಣೆ ನಡೀತಿದೆ, ಉಸ್ತಾದನನ್ನ ಬೇರೆ ಕಡೆ ಹಾಕಿದಾರೆ. ಟ್ರಂಕ್ ಇನ್ನೂ ಅಡ್ಡಾನೇ ಇದೆ. ಅವ್ವಗೆ ಹೇಳಬೇಕೋ ಬೇಡವೋ ಅಂತ ಕೇಳಿದಾನೆ, ಅದನ್ನ ಮುಂದಿನ ಭಾನುವಾರಕ್ಕೆ ಇಟ್ಟಿದೀವಿ.