ಮಳೆಯ ಮರುದಿನ ಹಳೆಯ ಕಾರಿನ ಎಡಬದಿಯ ಮುಂದಿನ ಕಾರ್ಪೆಟ್ ಒದ್ದೆಯಾಗಿರುವುದೇಕೆ?

ನೀರು ಒಳಬರುವ ಜಾಗವೂ ನಿಲ್ಲುವ ಜಾಗವೂ ಒಂದೇ ಆಗಿರುವುದು ಅಪರೂಪವಾದ್ದರಿಂದ, ಒದ್ದೆ ಕಂಡಲ್ಲೇ ಸಿಲಿಕಾನ್ ಅಂಟು ಬಳಿಯುವುದು ವ್ಯರ್ಥ. ಮಳೆಯಿಲ್ಲದ ದಿನವೂ ಎಸಿ ಹಾಕಿದಾಗ ಕಾರ್ಪೆಟ್ ನೆನೆದರೆ, ಎಸಿಯ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ನೀರು ಜಿಗುಟಾಗಿದ್ದು ಸಿಹಿ ವಾಸನೆ ಬಂದರೆ ಅದು ಹೀಟರಿನಿಂದ ಸೋರುತ್ತಿರುವ ಕೂಲಂಟ್, ಅಂದರೆ ಎಂಜಿನ್ ತಂಪಾಗಿಸುವ ದ್ರವ.

ಮಳೆಯಾದಾಗ ಮಾತ್ರ ನಿಮ್ಮ ಕಾರಿನಲ್ಲಿ ಹೀಗಾಗುತ್ತಿದ್ದರೆ, ನನ್ನ ಮೊದಲ ಅನುಮಾನ ವೈಪರ್‌ಗಳ ಕೆಳಗಿನ ತಗ್ಗಿನ ಮೇಲೆ. ದಾವಣಗೆರೆಯಲ್ಲಿ ಬೇವಿನ ಮರದ ನೆರಳೇ ಪಾರ್ಕಿಂಗ್ ಆಗಿರುವವರಿಗೆ ಇದು ಗೊತ್ತಿರಬೇಕು: ಉದುರಿದ ಎಲೆಯೂ ಎರೆಮಣ್ಣಿನ ಧೂಳೂ ಸೇರಿ ಅಲ್ಲಿನ ತೂತುಗಳನ್ನು ಮುಚ್ಚುತ್ತವೆ, ಮುಂಗಾರಿನ ಮೊದಲ ಜೋರು ಮಳೆಗೆ ನೀರು ಅಲ್ಲೇ ತುಂಬಿ, ಗಾಳಿ ಒಳಬರುವ ಕಿಂಡಿಯ ಮೂಲಕ ಕಾಲಿನ ಬಳಿ ಇಳಿಯುತ್ತದೆ. ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ, ಕಸವನ್ನು ಕೈಯಿಂದಲೇ ತೆಗೆದು, ಒಂದು ಚೆಂಬು ನೀರು ಸುರಿದು ಅದು ನೆಲಕ್ಕೆ ಸುರಿಯುತ್ತದೆಯೇ ಎಂದು ನೋಡಿ.

ಆಗಲೂ ಸೋರಿದರೆ, ಒಬ್ಬರು ಟಾರ್ಚ್ ಹಿಡಿದು ಒಳಗೆ ಕುಳಿತಿರಲಿ, ಇನ್ನೊಬ್ಬರು ಪೈಪಿನಿಂದ ಮೆಲ್ಲಗೆ, ಬಾಗಿಲಿನ ಕೆಳಭಾಗದಿಂದ ಆರಂಭಿಸಿ ಗಾಜಿನತ್ತ ಮೇಲೇರುತ್ತ, ಒಂದೊಂದು ಕಡೆ ಕೆಲವು ನಿಮಿಷ ನೀರು ಬಿಡಲಿ. ಬಾಗಿಲಿನೊಳಗಿನ ಪ್ಲಾಸ್ಟಿಕ್ ಹಾಳೆ ಹರಿದಿದ್ದರೆ ಮತ್ತೆ ಅಂಟಿಸಬಹುದು. ಮುಂದಿನ ಗಾಜಿನ ಅಂಚಿನಲ್ಲಿ ಸೋರುತ್ತಿದ್ದರೆ ಗಾಜು ಕೂರಿಸುವವರಿಂದಲೇ ಮಾಡಿಸಿ, ಏಕೆಂದರೆ ಮೇಲೆ ಬಳಿದ ಸಿಲಿಕಾನ್ ನೀರನ್ನು ಒಳಗೇ ಹಿಡಿದಿಟ್ಟು ತಗಡಿಗೆ ತುಕ್ಕು ಹಿಡಿಸುತ್ತದೆ. ಕಾರ್ಪೆಟ್ಟನ್ನು ಪೂರ್ತಿ ಎತ್ತಿ, ಅಡಿಯ ಸ್ಪಂಜನ್ನೂ ಬಿಸಿಲಿಗೆ ಹಾಕಿ.